ಗಿರಣಿ ಗೋಡೆಯ ನಾಲ್ಕು ಸಾಲು

ನಮ್ಮೂರ ಸೇತುವೆಗೆ ಒಂಬತ್ತು ಕಂಬ. ಹೊರಗಿನಿಂದ ತಂದ ಹೊಸ ಲ್ಯಾಪ್‌ಟಾಪು ಮೂರನೇ ಕಂಬದ ಹತ್ತಿರ ಮಂಕಾಗುತ್ತದೆ, ಐದನೆಯದರ ಹತ್ತಿರ ಕಣ್ಣು ಮುಚ್ಚುತ್ತದೆ, ಒಂಬತ್ತನೆಯದನ್ನು ದಾಟುವ ಹೊತ್ತಿಗೆ ಅದರ ಮೇಲೆ ಚಪಾತಿ ಲಟ್ಟಿಸಬಹುದು, ಅಷ್ಟೇ ಉಪಯೋಗ. ಒಳಗೇನಿದೆ ಎಂದು ತೋರಿಸದ ಯಾವ ವಸ್ತುವೂ ನಮ್ಮೂರಲ್ಲಿ ನಡೆಯುವುದಿಲ್ಲ. ಯಾಕೆ ಎಂದು ಕೇಳಬೇಡಿ. ನನಗೆ ಮೊದಲೇ ಸಿಟ್ಟು ಜಾಸ್ತಿ.

ಹಾಗಾಗಿ ನಮ್ಮ ಗಡಿಯಾರಗಳಿಗೆ ಬೆನ್ನಿನ ಮುಚ್ಚಳ ಇರುವುದಿಲ್ಲ. ಡಾಕ್ಟರು ಔಷಧಿ ಚೀಟಿಯನ್ನು ಕಾಪಿ ಪುಸ್ತಕದ ಅಕ್ಷರದಂತೆ ದುಂಡಗೆ ಬರೆಯುತ್ತಾರೆ, ಇಲ್ಲದಿದ್ದರೆ ಎಷ್ಟು ಮಾತ್ರೆ ನುಂಗಿದರೂ ಜ್ವರ ಕದಲುವುದಿಲ್ಲ. ಹನುಮಕ್ಕನ ಹೋಟೆಲಿನ ಗೋಡೆಯ ಮೇಲೆ ಸಾಂಬಾರು ಮಾಡುವ ವಿಧಾನವನ್ನು ಎಣ್ಣೆ ಬಣ್ಣದಲ್ಲಿ ಬರೆಸಿದೆ. ಒಮ್ಮೆ ಯಾರೋ ಇಂಗಿನ ಸಾಲಿನ ಮೇಲೆ ಕ್ಯಾಲೆಂಡರು ನೇತುಹಾಕಿದ್ದರಿಂದ ಅವತ್ತಿನ ಸಾಂಬಾರು ಬಿಸಿನೀರಾಗಿತ್ತು. ಗುಟ್ಟಾಗಿ ಪ್ರೀತಿಸಿದರೆ ಪ್ರೀತಿ ಎರಡನೇ ವಾರಕ್ಕೆ ಹಳಸುತ್ತದೆ, ಅದಕ್ಕೇ ನಮ್ಮ ಹುಡುಗರು ನಲ್ಲಿಯ ಹತ್ತಿರ ನಿಂತು ಕೂಗಿ ಹೇಳಿ ಏಟು ತಿನ್ನುತ್ತಾರೆ. ಚುನಾವಣೆ ಬಂದರೆ ಭಾಷಣ ಮಾಡುವವರ ಮೈಕು ನಡುನಡುವೆ ಸಾಯುತ್ತದೆ. ಓಬಳಣ್ಣನ ಮೈಕ್ ಸೆಟ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನನ್ನು ಬೈಯುತ್ತಾರೆ. ಮೈಕು ಸರಿಯಾಗಿಯೇ ಇರುತ್ತದೆ.

ಕಂಪ್ಯೂಟರು ಅನ್ನುವುದು ನಮ್ಮೂರಿಗೆ ಬಂದದ್ದು ರಿಪೇರಿ ಅಂಗಡಿಯ ಜಬೀನಕ್ಕನಿಂದ. ಯಾರೋ ಗುಜರಿಗೆ ಹಾಕಿದ್ದ ಎರಡು ಯಂತ್ರಗಳಿಗೆ ಲಿನಕ್ಸ್ ಎಂಬ ತಂತ್ರಾಂಶ ತುಂಬಿ, ಕಂಕುಳಲ್ಲಿ ಮಗುವಿನಂತೆ ಎತ್ತಿಕೊಂಡು ಅವಳು ಸೇತುವೆಯ ಮೇಲೆ ನಡೆದು ಬಂದಳಂತೆ. ಒಂಬತ್ತನೇ ಕಂಬ ದಾಟಿದರೂ ಎರಡೂ ಉಸಿರಾಡುತ್ತಿದ್ದವಂತೆ. ಲಿನಕ್ಸಿನ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು. ಓದಿದರೆ ಅರ್ಥವಾಗುತ್ತದೋ ಇಲ್ಲವೋ ಬೇರೆ ಮಾತು. ಓದಬಹುದು ಅನ್ನುವುದೊಂದೇ ನಮ್ಮೂರಿಗೆ ಸಾಕು. ಈಗ ಮನೆಗೊಂದು ಹಳೆಯ ಲ್ಯಾಪ್‌ಟಾಪು ಇದೆ. ಆಟಗಳೂ ಇವೆ, ಎಲ್ಲಾ ಒಳಗು ಕಾಣುವಂಥವು. ಎಲ್ಲಕ್ಕಿಂತ ಹೆಚ್ಚು ಆಡುವುದು ಒಂದು ರೇಸಿನ ಆಟ. ಅದರಲ್ಲಿದ್ದ ಪುಟ್ಟ ಕಾರುಗಳನ್ನು ತೆಗೆದು ನಮ್ಮವರು ಆಟೋ, ಟಿಲ್ಲರು, ಹಾಲಿನವನ ಲೂನಾ ಮೊಪೆಡ್ಡು ಹಾಕಿದ್ದಾರೆ. ಓಟದ ದಾರಿ ಸಂತೆಮಾಳದಿಂದ ಶುರುವಾಗಿ ಹನುಮಕ್ಕನ ಹೋಟೆಲಿನ ಒಳಗೇ ನುಗ್ಗಿ ಹಿತ್ತಲಿನಿಂದ ಹೊರಬೀಳುತ್ತದೆ.

ಯಂತ್ರ ಎಂದ ಮೇಲೆ ಕೆಡುತ್ತದೆ. ಕೆಟ್ಟಾಗ ನಾವು ಸಂತೆಮಾಳದ ಪಕ್ಕದಲ್ಲಿರುವ ಪಾಳು ಹತ್ತಿ ಗಿರಣಿಯ ಉದ್ದನೆಯ ಗೋಡೆಗೆ ಹೋಗುತ್ತೇವೆ. ಇದ್ದಿಲಲ್ಲಿ ಪ್ರಶ್ನೆ ಬರೆಯಬೇಕು, ಗೊತ್ತಿದ್ದವರು ಅದರ ಕೆಳಗೆ ಉತ್ತರ ಬರೆದು ಹೆಸರು ಹಾಕುತ್ತಾರೆ. ಬರೀ 'ಕೆಲಸ ಮಾಡ್ತಿಲ್ಲ' ಎಂದು ಬರೆದವನ ಗತಿ ಮುಗಿಯಿತು. ಗಿರಣಿ ಕಟ್ಟೆಯ ಮೇಲೆ ಕೂತವರೆಲ್ಲ, "ಏನ್ ಮಾಡ್ದೆ? ಮೊದ್ಲು ಅದ್ ಬರಿ" ಎಂದು ರೇಗಿಸುತ್ತಾರೆ. ಮೊದಲೇ ಉತ್ತರ ಇದ್ದದ್ದನ್ನು ಕೇಳಿದರಂತೂ, "ಗೋಡೆ ಓದಿದ್ಯೇನಪ್ಪಾ ದೊರೆ?" ಎಂದು ಒಂದು ವಾರ ಆಡಿಕೊಳ್ಳುತ್ತಾರೆ. ಎಲ್ಲರಿಗೂ ಸಹಾಯ ಮಾಡುವ ಜನ, ಆದರೆ ಸುಮ್ಮನೆ ಸಹಾಯ ಮಾಡಿದರೆ ಅವರಿಗೆ ಅನ್ನ ಜೀರ್ಣವಾಗುವುದಿಲ್ಲ.

ನನ್ನ ಹೆಸರು ಗವಿರಂಗ. ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟವನು. ಬಿಟ್ಟದ್ದು ಬಡತನಕ್ಕಲ್ಲ, ಸಿಟ್ಟಿಗೆ. ಗಣಿತದ ಪರಮಶಿವಯ್ಯ ಮೇಷ್ಟ್ರು ಕೊಟ್ಟ ಲೆಕ್ಕವನ್ನು ನಾನು ಮನಸ್ಸಿನಲ್ಲೇ ಮಾಡಿ ಬರೀ ಉತ್ತರ ಬರೆದೆ. ಉತ್ತರ ಸರಿ ಇತ್ತು. ಅವರು ಸೊನ್ನೆ ಕೊಟ್ಟರು. "ಹಂತ ಎಲ್ಲಯ್ಯಾ?" ಅಂದರು. "ಉತ್ತರ ಸರಿ ಐತಲ್ಲ ಸಾ?" ಅಂದೆ. "ಹಂತ ಇಲ್ದಿದ್ರೆ ಈ ಊರಲ್ಲಿ ಅದು ಉತ್ತರ ಅಲ್ಲ, ಗಾಳಿ" ಅಂದರು. ಕ್ಲಾಸು ನಕ್ಕಿತು. ನಾನು ನೋಟ್‌ಬುಕ್ಕನ್ನು ಕಿಟಕಿಯಿಂದಾಚೆ ಎಸೆದು ಅದರ ಹಿಂದೆಯೇ ನಾನೂ ಹೊರಗೆ ಹಾರಿದೆ. ಈಗ ಇಪ್ಪತ್ತೊಂದು ತುಂಬಿದೆ, ಇನ್ನೂ ಆ ಕಿಟಕಿಯ ಕಡೆ ತಿರುಗಿ ನೋಡಿಲ್ಲ. ಮೇಷ್ಟ್ರು ನಿವೃತ್ತರಾಗಿ ದಿನಾ ಮಧ್ಯಾಹ್ನ ಜಬೀನಕ್ಕನ ಅಂಗಡಿಯಲ್ಲಿ ಕೂತು ಅದೇ ರೇಸಿನ ಆಟ ಆಡುತ್ತಾರೆ. ಆಟದಲ್ಲೂ ಎಡಗಡೆಯೇ ಹೋಗುತ್ತಾರೆ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾರೆ, ಯಾವಾಗಲೂ ಕೊನೆಯವರಾಗಿ ಬರುತ್ತಾರೆ.

ನನಗೆ ಆಟದ ಹುಚ್ಚಿಗಿಂತ ಸದ್ದಿನ ಹುಚ್ಚು. ಹನುಮಕ್ಕನ ಕಾವಲಿಗೆ ನೀರು ಚಿಮುಕಿಸಿದಾಗ ಆಗುವ ಚುಂಯ್, ಪಂಕ್ಚರ್ ಅಂಗಡಿಯ ಗಾಳಿ, ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆ ಓಡುವ ಟಕ್ ಟಕ್, ಓಬಳಣ್ಣನ "ಹಲೋ ಚೆಕ್" ಅನ್ನು ಹಿಂದುಮುಂದು ಮಾಡಿದ್ದು, ಎಲ್ಲವನ್ನೂ ಹಿಡಿದು ಲ್ಯಾಪ್‌ಟಾಪಿನಲ್ಲಿ ಹೆಣೆಯುತ್ತೇನೆ. ಆದರೆ ಮೊದಲು ಒಂದು ಪೀಡೆ ಇತ್ತು. ನಾನು ಕೀಲಿ ಒತ್ತಿದ ಮೇಲೆ ಸದ್ದು ಯೋಚನೆ ಮಾಡಿಕೊಂಡು ನಿಧಾನಕ್ಕೆ ಬರುತ್ತಿತ್ತು. ತಾಳ ಹಾಕಿದರೆ ಹೆಣದ ಮುಂದಿನ ತಮಟೆಯ ಹಾಗೆ ಎಳೆಯುತ್ತಿತ್ತು. ಗೋಡೆಯಲ್ಲಿ ಇದಕ್ಕೆ ಉತ್ತರ ಇದೆಯೇ ಎಂದು ನೋಡಲು ಹೋದೆ. ಇತ್ತು. ನಾಲ್ಕೇ ಸಾಲು, ದುಂಡನೆಯ ಅಕ್ಷರ:

ಸದ್ದು ತುಂಬಿಕೊಳ್ಳುವ ಕೊಡ ದೊಡ್ಡದಾದರೆ ತುಂಬುವವರೆಗೆ ಕಾಯಬೇಕು, ಅದೇ ತಡ. ತೀರ ಚಿಕ್ಕದಾದರೆ ಮೇಲಿಂದ ಮೇಲೆ ಹೊತ್ತು ಯಂತ್ರ ಎಡವುತ್ತದೆ, ಅದೇ ಕರಕರ. ಕೊಡದ ಅಳತೆಯನ್ನು ಸಾವಿರದ ಇಪ್ಪತ್ನಾಲ್ಕರಿಂದ ಇನ್ನೂರ ಐವತ್ತಾರಕ್ಕೆ ಇಳಿಸಿ. ನಲ್ಲಿಯ ಸಾಲಿನಲ್ಲಿ ಸದ್ದಿಗೆ ಮೊದಲ ಸರದಿ ಕೊಡಿ.

ಕೆಳಗೆ ಸರದಿ ಕೊಡುವ ಆಜ್ಞೆ, ಅದರ ಕೆಳಗೆ ಹೆಸರು: ಪರಮಶಿವಯ್ಯ. ಆಟದಲ್ಲಿ ಅವರ ಆಟೋದ ಹಾರ್ನು ತಿರುವು ದಾಟಿದ ಮೇಲೆ ಕೇಳಿಸುತ್ತಿತ್ತಂತೆ, ಅದಕ್ಕೆ ಕೂತು ಕಂಡುಹಿಡಿದರಂತೆ. ನಾನು ಪಕ್ಕದ ಪ್ರಿಂಟರಿನ ಉತ್ತರ ಓದುವವನಂತೆ ಓರೆ ನಿಂತು, ಕಣ್ಣಿನ ಕೊನೆಯಿಂದ ಆ ನಾಲ್ಕು ಸಾಲು ಕದ್ದು ಓದಿದೆ. ಮನೆಗೆ ಬಂದು ಹಾಗೇ ಮಾಡಿದೆ. ಬೆರಳಿಗೂ ಸದ್ದಿಗೂ ನಡುವೆ ಇದ್ದ ಗೋಡೆಯೇ ಬಿದ್ದುಹೋಯಿತು. ಒಂದೇ ಉಸಿರಿಗೆ, ಎಂಟು ತಿಂಗಳಲ್ಲಿ, ಹನ್ನೊಂದು ಹಾಡು ಮಾಡಿದೆ. ಊರಿನ ಯಂತ್ರಗಳೆಲ್ಲ ಆ ನಾಲ್ಕು ಸಾಲಿನ ಮೇಲೆಯೇ ಸದ್ದು ಮಾಡುತ್ತಿದ್ದವು, ನನ್ನದೊಂದೇ ಅಲ್ಲ. ಅದು ನನಗೆ ಆಮೇಲೆ ಹೊಳೆಯಿತು.

ಈ ಸಲ ಸಂತೆ ಶೆಡ್ಡಿನಲ್ಲಿ ದೊಡ್ಡ ಪಂದ್ಯ ಇಟ್ಟರು. ಹನ್ನೆರಡು ಯಂತ್ರ, ಓಬಳಣ್ಣನ ನಾಲ್ಕು ಪೆಟ್ಟಿಗೆ ಸ್ಪೀಕರು, ಆಚೆ ದಡದ ಊರಿನವರೂ ಬರುವವರು. ಓಟಕ್ಕೆ ಹೊಸ ಹಾಡು ಬೇಕು ಎಂದು ಜಬೀನಕ್ಕ ಎಲ್ಲರದ್ದೂ ಕೇಳಿ ನನ್ನದನ್ನು ಆರಿಸಿದಳು. ಡಿಗ್ರಿ ಮಾಡಿದವರದ್ದೂ ಇತ್ತು, ಅದನ್ನು ಬಿಟ್ಟು ನನ್ನದನ್ನು. ಊರು ನನ್ನನ್ನು ಕರೆಯುವುದು 'ಅರೆ ಒಂಬತ್ತು' ಎಂದು, ಅರ್ಧ ಒಂಬತ್ತನೇ ಕ್ಲಾಸು ಎಂಬ ಅರ್ಥದಲ್ಲಿ. ಆ ಹಾಡು ನಾಲ್ಕು ಸ್ಪೀಕರಿನಲ್ಲಿ ಬಂದರೆ ಆ ಹೆಸರು ಸೇತುವೆ ದಾಟಿ ತೊಲಗುತ್ತದೆ ಎಂದು ನನಗೆ ಖಾತ್ರಿ ಇತ್ತು.

ಹೊಸ ಹಾಡನ್ನು ಊರ ಮುಂದೆ ಹಾಕುವುದೆಂದ ಮೇಲೆ ಅದನ್ನು ಮಾಡಿದ್ದು ಹೇಗೆ ಎಂದು ಗೋಡೆಯ ಮೇಲೆ ಬರೆಯಬೇಕು, ಇಲ್ಲದಿದ್ದರೆ ಅದು ಸ್ಪೀಕರಿನಲ್ಲಿ ಹಾಡುವುದಿಲ್ಲ. ಗುರುವಾರ ಬೆಳಿಗ್ಗೆ ಇದ್ದಿಲು ಹಿಡಿದು ಬರೆದೆ. ಲಾಳಿ ಎಲ್ಲಿಯದು, ಕಾವಲಿ ಯಾರದು, ಎಲ್ಲ ಬರೆದೆ. ಪಕ್ಕದಲ್ಲಿ ಬೀಡಿ ಸೇದುತ್ತ ಓದುತ್ತಿದ್ದ ಓಬಳಣ್ಣ, "ಸದ್ದಿನ ತಡ ಹೆಂಗೆ ತೆಗ್ದೆ? ಅದ್ ಬರೀಲಿಲ್ಲ" ಅಂದ.

"ತೆಗ್ದೆ, ಹೆಂಗೋ."

"ಹೆಂಗೋ ಅಂತ ಬರುದ್ರೆ ಹಾಡೂ ಹೆಂಗೋ ಬತ್ತದೆ. ಪಕ್ದಲ್ಲೇ ಐತಲ್ಲ ಮೇಷ್ಟ್ರ ಉತ್ತರ, ಅದುಕ್ಕೊಂದ್ ಬಾಣ ಹಾಕು. 'ಪರಮಶಿವಯ್ಯ ಮೇಷ್ಟ್ರ ಶಿಷ್ಯ' ಅಂತ ಬರಿ, ಚೆನ್ನಾಗಿರ್ತದೆ." ತನ್ನ ಜೋಕಿಗೆ ತಾನೇ ನಕ್ಕು ಕೆಮ್ಮಿ ಎದ್ದು ಹೋದ.

ಶಿಷ್ಯ! ಮಧ್ಯಾಹ್ನ ಊಟದ ಹೊತ್ತು, ಕಟ್ಟೆಯ ಮೇಲೆ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಗೋಣಿಚೀಲವನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಆ ನಾಲ್ಕು ಸಾಲನ್ನೂ ಹೆಸರನ್ನೂ ಉಜ್ಜಿ ಉಜ್ಜಿ ಒರೆಸಿದೆ. ಅದೇ ಜಾಗದಲ್ಲಿ ನೆನಪಿದ್ದಷ್ಟನ್ನು ನನ್ನ ಅಕ್ಷರದಲ್ಲಿ ಬರೆದು ಕೆಳಗೆ 'ಗವಿರಂಗ, ನಾನೇ ಕಂಡುಕೊಂಡದ್ದು' ಎಂದು ಹಾಕಿದೆ. ನಾಯಿ ನನ್ನನ್ನೇ ನೋಡುತ್ತಿತ್ತು. ಅದಕ್ಕೂ ಬೈದೆ.

ಸಂಜೆ ಐದಕ್ಕೆ ಊರು ಮೂಕವಾಗಿತ್ತು. ಯಾವ ಲ್ಯಾಪ್‌ಟಾಪಿನಿಂದಲೂ ಒಂದು ಚೂರೂ ಸದ್ದಿಲ್ಲ. ಆಟೋಗಳು ಸದ್ದಿಲ್ಲದೆ ಢಿಕ್ಕಿ ಹೊಡೆಯುತ್ತಿದ್ದವು, ಟಿಲ್ಲರು ಸದ್ದಿಲ್ಲದೆ ಹೋಟೆಲಿಗೆ ನುಗ್ಗುತ್ತಿತ್ತು. ಶುಕ್ರವಾರ ಜಬೀನಕ್ಕ ಹನ್ನೆರಡು ಯಂತ್ರಗಳ ಬೆನ್ನನ್ನೂ ಬಿಚ್ಚಿ ನೋಡಿದಳು. "ಎಲ್ಲಾ ಸರಿ ಐತೆ ಕಣೋ ಗವಿ, ಏನೋ ಒಂದ್ ಮುಚ್ಚಿಕೊಂಡೈತೆ" ಅಂದಳು. ಗೋಡೆಯ ಬಳಿ ಹೋಗಿ ನನ್ನ ಬರಹದ ಮುಂದೆ ಸ್ವಲ್ಪ ಹೊತ್ತು ನಿಂತಳು. "ಇಲ್ಲಿ ಮೇಷ್ಟ್ರುದು ಇತ್ತಲ್ವಾ?"

"ಯಾವ್ದು? ನಂಗೊತ್ತಿಲ್ಲ" ಅಂದೆ. ಅವಳು ನನ್ನ ಮುಖ ನೋಡಿದಳು, ಗೋಡೆ ನೋಡಿದಳು. "ಪಂದ್ಯ ಸದ್ದಿಲ್ದೇ ಮಾಡೋಣ ಬುಡು. ನಿನ್ ಹಾಡು ಮುಂದಿನ್ ವರ್ಷ" ಅಂದಳು. ಆ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು. ಮುಂದಿನ ವರ್ಷದವರೆಗೂ ಅರೆ ಒಂಬತ್ತು.

ಶನಿವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಅವರನ್ನೇ ಬೈದುಕೊಂಡು ಹೋದೆ, ಅದರಿಂದ ಕಾಲಿಗೆ ಬಲ ಬಂತು. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಏನಯ್ಯಾ ಗವಿರಂಗ, ದಾರಿ ತಪ್ತಾ?"

"ಸದ್ದು ಹೋಗೈತೆ ಸಾ."

"ನಂಗೂ ಹೋಗೈತೆ. ಏನ್ ಮಾಡ್ದೆ?"

ನಾನು ಜಗಲಿಯ ಗೋಡೆಯ ಸುಣ್ಣ ಕೆರೆದೆ.

"ಏನ್ ಮಾಡ್ದೆ ಅಂತ ಕೇಳ್ದೆ ಕಣಯ್ಯಾ. ಸದ್ದು ಹೋಗೈತೆ ಅನ್ನೋದು ಕೇಳೋ ರೀತಿ ಅಲ್ಲ."

"ಅಳಿಸ್ದೆ."

"ಏನನ್ನ?"

"ನಿಮ್ಮ ಉತ್ತರಾನ."

"ಯಾತರಲ್ಲಿ?"

"ಒದ್ದೆ ಗೋಣಿಚೀಲದಲ್ಲಿ."

"ಯಾಕೆ?"

"ಕೆಳಗೆ ನಿಮ್ಮ ಹೆಸರಿತ್ತು."

ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. ಇನ್ನೊಂದು ಸುಲಿದರು. "ಪರವಾಗಿಲ್ಲ" ಅಂದರು, "ಒಂದು ಹಂತಾನೂ ಬಿಟ್ಟಿಲ್ಲ." ಬೈಯಬಹುದು ಎಂದು ಹಲ್ಲು ಕಚ್ಚಿಕೊಂಡು ಹೋಗಿದ್ದವನು ನಾನು. ಬೈಯದಿದ್ದದ್ದಕ್ಕೆ ಇನ್ನೂ ಸಿಟ್ಟು ಬಂತು. "ಆ ನಾಲ್ಕು ಸಾಲು ಹೇಳಿ, ಬರ್ಕೊಂಡ್ ಹೋಗ್ತೀನಿ" ಅಂದೆ.

"ನಂಗೆಲ್ಲಿ ನೆನಪೈತೆ? ಬರ್ದು ಎಂಟು ತಿಂಗ್ಳಾಯ್ತು. ಬೇಕಾದಾಗ ನಾನೂ ಗೋಡೆ ಓದ್ತಿದ್ದೆ."

ಆಮೇಲೆ ಅವರು ಮೊರ ಪಕ್ಕಕ್ಕಿಟ್ಟು ಲ್ಯಾಪ್‌ಟಾಪು ತಂದರು. ನನಗೂ ಅರ್ಧಂಬರ್ಧವೇ ನೆನಪಿತ್ತು, ಮತ್ತೆ ಮೊದಲಿನಿಂದ ಕಂಡುಹಿಡಿಯಬೇಕಿತ್ತು, ಅದೂ ಸದ್ದಿಲ್ಲದೆ. ಸದ್ದು ಎಷ್ಟು ಸಲ ಎಡವಿತು ಎನ್ನುವ ಸಂಖ್ಯೆ ತೆರೆಯ ಮೂಲೆಯಲ್ಲಿ ಕಾಣುತ್ತದೆ, ಅದೊಂದೇ ನಮಗೆ ಗತಿ. ಕೊಡದ ಅಳತೆ ಬದಲಿಸಿ ನನ್ನ ಹಾಡನ್ನು ಓಡಿಸುವುದು, ಮೂಕ ಹಾಡು ಮುಗಿಯುವವರೆಗೂ ಇಬ್ಬರೂ ಆ ಸಂಖ್ಯೆಯನ್ನೇ ದಿಟ್ಟಿಸುವುದು. ಪ್ರತಿ ಸಲವೂ ಅವರು ಕಾಗದದ ಮೇಲೆ ಬರೆದುಕೊಂಡರು. "ಬರೀಬೇಡಿ ಸಾ, ನಂಗೆ ನೆನಪಿರ್ತದೆ" ಅಂದೆ. "ನಿಂಗೆ ನೆನಪಿರ್ತದೆ ಅನ್ನೋದ್ರಿಂದ್ಲೇ ಊರು ಮೂಕಾಗಿದ್ದು" ಅಂದರು. ಇನ್ನೂರ ಐವತ್ತಾರಕ್ಕೆ ಸೊನ್ನೆ ಬಂತು. ಮೇಷ್ಟ್ರು ನಿಲ್ಲಿಸೋಣ ಅಂದರು. ನಾನು ಹಟ ಹಿಡಿದು ನೂರ ಇಪ್ಪತ್ತೆಂಟಕ್ಕೆ ಇಳಿಸಿದೆ. ಎಡವಿತು. ಸರದಿಯ ಆಜ್ಞೆಯಲ್ಲಿ ನಮಗೆ ಬೇಡದ ಒಂದು ತುಂಡು ಇದೆ ಎಂದು ನನಗೆ ಅನ್ನಿಸಿತು, ಅದನ್ನು ತೆಗೆದೆ. ಸೊನ್ನೆ. ಮತ್ತೆ ಓಡಿಸಿದೆವು. ಮತ್ತೂ ಸೊನ್ನೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ನಾನು ಮಾಡಿದ್ದಕ್ಕಿಂತ ಇದು ಒಳ್ಳೇದು" ಅಂದರು. ಅದನ್ನು ಹೇಳುವಾಗ ಅವರಿಗೆ ಸ್ವಲ್ಪವೂ ಕಷ್ಟವಾದಂತೆ ಕಾಣಲಿಲ್ಲ. ಅದೊಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸಾಯಂಕಾಲ ಇಬ್ಬರೂ ಗೋಡೆಗೆ ಹೋಗಿ ನನ್ನ ಸುಳ್ಳನ್ನು ಹೊಡೆದುಹಾಕಿ ಹೊಸ ಉತ್ತರ ಬರೆದೆವು. ಯಾರ ಹೆಸರು ಮೊದಲು ಎಂದು ನಾನು ತಡವರಿಸಿದೆ. "ವರ್ಣಮಾಲೇಲಿ ಗ ಮೊದ್ಲು ಬರ್ತದೆ, ಪ ಆಮೇಲೆ. ಅಷ್ಟಾದ್ರೂ ಕಲ್ತಿದ್ಯೋ ಇಲ್ವೋ?" ಅಂದರು. ಬರೆದೆ. ಓಡಿ ಹೋಗಿ ಜಬೀನಕ್ಕನ ಅಂಗಡಿಯಲ್ಲಿ ಒತ್ತಿ ನೋಡಿದೆ. ಸದ್ದಿಲ್ಲ.

ವಾಪಸು ಬಂದಾಗ ಮೇಷ್ಟ್ರು ಕೊಡೆ ಊರಿಕೊಂಡು ಅಲ್ಲೇ ನಿಂತಿದ್ದರು. "ಇನ್ನೊಂದು ಬರೀಬೇಕು, ನಿಂಗೂ ಗೊತ್ತು. ಅದನ್ನ ನಾನು ಬರ್ದ್ರೆ ಕಾಪಿ ಹೊಡ್ದಂಗೆ" ಎಂದು ಹೇಳಿ, ಎಡಗಡೆಯೇ ನಡೆದುಕೊಂಡು ಮನೆಗೆ ಹೋದರು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಶೆಡ್ಡು ತುಂಬಿ ಗಿರಣಿ ಗೋಡೆಯವರೆಗೂ ಜನ. ಆಚೆ ದಡದವರು ಲಾರಿಯಲ್ಲಿ ಬಂದಿಳಿದಿದ್ದರು. "ಏನ್ರಪ್ಪಾ, ನಿಮ್ಮೂರಲ್ಲಿ ಆಟೋಗಳು ಬರಿಗಾಲಲ್ಲಿ ಓಡ್ತವಾ?" ಎಂದು ನಗುತ್ತಿದ್ದರು. ಓಬಳಣ್ಣ ಮೈಕಿನಲ್ಲಿ, "ಸದ್ದಿಲ್ದೆ ಶುರು ಮಾಡ್ತಾ ಇದ್ದೀವಿ, ದಯವಿಟ್ಟು ಸಹಕರಿಸಿ" ಎಂದು ಕೂಗಿದ. ಹನ್ನೆರಡು ಜನ ಕೂತರು, ಮೇಷ್ಟ್ರೂ ಅವರಲ್ಲಿ ಒಬ್ಬರು. ನಾನು ಸ್ಪೀಕರಿನ ವೈರು ಹಿಡಿದು ನಿಂತಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿದ್ದರೆ ನನ್ನ ಹಾಡೂ ಯಾರಿಗೂ ತಿಳಿಯುತ್ತಿರಲಿಲ್ಲ. ಥೂ ಎಂದು ವೈರು ಬಿಸಾಕಿ, ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಗೋಡೆಯ ಹತ್ತಿರ ಹೋದೆ. "ಎಲ್ಲಿಗ್ಲಾ ಅರೆ ಒಂಬತ್ತು?" ಎಂದು ಯಾರೋ ಕೂಗಿದರು. ಎಲ್ಲರೂ ಓದಲಿ ಎಂದು ಅಂಗೈ ಅಗಲದ ಅಕ್ಷರದಲ್ಲಿ ಬರೆದೆ: ಗುರುವಾರ ಮಧ್ಯಾಹ್ನ ಇಲ್ಲಿದ್ದ ಪರಮಶಿವಯ್ಯ ಮೇಷ್ಟ್ರ ಉತ್ತರವನ್ನು ಅಳಿಸಿದವನು ನಾನು, ಗವಿರಂಗ. ಎಂಟು ತಿಂಗಳಿಂದ ಅದನ್ನು ಓದಿಯೇ ನಾನು ಹಾಡು ಮಾಡಿದ್ದು. ಅವರ ಹೆಸರು ಹೇಳಲು ಹೊಟ್ಟೆಕಿಚ್ಚಾಗಿ ಅಳಿಸಿದೆ.

ಇದ್ದಿಲು ಗೋಡೆ ಬಿಟ್ಟಿತೋ ಇಲ್ಲವೋ, ಹನ್ನೆರಡು ಇಂಜಿನ್ನುಗಳು ನಾಲ್ಕು ಸ್ಪೀಕರಿನಲ್ಲಿ ಒಟ್ಟಿಗೇ ಗುಡುಗಿದವು. ಗಿರಣಿ ಸೂರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಒಂದು ಕ್ಷಣ ಎಲ್ಲರೂ ಸ್ಪೀಕರು ನೋಡಿದರು, ಆಮೇಲೆ ಗೋಡೆ ಓದಿದರು, ಆಮೇಲೆ ನನ್ನ ಕಡೆ ತಿರುಗಿ ಊರಿಗೆ ಊರೇ "ಹೋ!" ಎಂದು ಕೂಗಿತು. ನನ್ನ ಕಿವಿ ಕಾವಲಿಯಾಯಿತು. ಆ ಕೂಗಿನ ನಡುವೆಯೇ ಓಟ ಶುರುವಾಯಿತು, ನನ್ನ ಹಾಡೂ ಶುರುವಾಯಿತು.

ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. "ಬಲಕ್ಕೆ ಬಲಕ್ಕೆ!", "ಗುದ್ಲಾ ಅವ್ನ್‌ಗೆ!", "ಲೂನಾ, ಲೂನಾ!" ಎಂದು ಬೊಬ್ಬೆಯೋ ಬೊಬ್ಬೆ. ಮಾನ ಕಳೆದುಕೊಂಡು ತಂದ ಹಾಡು ಆ ಗದ್ದಲದಲ್ಲಿ ಕೊಚ್ಚಿಹೋಯಿತು. ಆಚೆ ದಡದವನೊಬ್ಬ ಗೆದ್ದ. ಮೇಷ್ಟ್ರು ಕೊನೆಯವರಾಗಿ ಬಂದರು, ತಿರುವಿಗೊಂದು ಹಾರ್ನು ಹೊಡೆದು, ಎಲ್ಲ ಹಾರ್ನೂ ಸರಿಯಾದ ತಿರುವಿನಲ್ಲಿ. ನಾನು ಯಾರೊಂದಿಗೂ ಮಾತಾಡದೆ ವೈರು ಸುತ್ತಿ ಮನೆಗೆ ಹೋದೆ.

ಸೋಮವಾರ ಇಡ್ಲಿ ತಿನ್ನಲು ಹನುಮಕ್ಕನ ಹೋಟೆಲಿಗೆ ಹೋದರೆ, ಅವಳು ಸಾಂಬಾರು ಹಾಕುತ್ತ ಏನೋ ಗುನುಗುತ್ತಿದ್ದಳು. ಕೈಯಲ್ಲಿದ್ದ ಇಡ್ಲಿ ಹಾಗೇ ನಿಂತಿತು. ನನ್ನ ಹಾಡು. ಧಾಟಿಯ ಮೂರನೇ ತಿರುವಿನಲ್ಲಿ ಮೇಲಕ್ಕೆ ಹೋಗುವ ಬದಲು ಕೆಳಗಿಳಿದು, ಒಂದು ಕುಂಟು ಹೆಜ್ಜೆ ಹಾಕಿ ಮತ್ತೆ ಮೇಲೆ ಬಂದಳು.

"ಅಕ್ಕ, ಅದು ಹಂಗಲ್ಲ. ತಪ್ಪು ಹಾಡ್ತಿದ್ದೀಯ."

"ಯಾವ್ದಲಾ? ನಂಗೆ ಹಂಗೇ ಕೇಳಿಸ್ತಪ್ಪ. ಬೆಳಿಗ್ಗಿಂದ ಬಾಯಿಗೆ ಅಂಟ್ಕೊಂಡ್‌ಬುಟ್ಟೈತೆ, ಥೂ."

ಹಿಂದಿನ ಮೇಜಿನಲ್ಲಿ ಲಾರಿ ಕ್ಲೀನರೊಬ್ಬ ಅದನ್ನೇ ಅವಳ ಹಾಗೆಯೇ ತಪ್ಪಾಗಿ ಶಿಳ್ಳೆ ಹಾಕುತ್ತಿದ್ದ. ನಾನು ಬೈಯಲು ಬಾಯಿ ತೆರೆದೆ. ಆ ಕುಂಟು ಹೆಜ್ಜೆ ತಲೆಯೊಳಗೆ ಇನ್ನೊಂದು ಸುತ್ತು ಬಂತು. ನನ್ನದಕ್ಕಿಂತ ಅದೇ ಚೆನ್ನಾಗಿತ್ತು. ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ಇಡ್ಲಿ ಬಿಟ್ಟು ಮನೆಗೆ ಓಡಿ, ಹಾಡು ಬಿಚ್ಚಿ, ಮೂರನೇ ತಿರುವನ್ನು ಅವಳಂತೆ ಬದಲಿಸಿ, ಗೋಡೆಗೆ ಹೋಗಿ ನನ್ನ ಹಂತಗಳ ಕೆಳಗೆ ಒಂದು ಸಾಲು ಸೇರಿಸಿದೆ: ಮೂರನೇ ತಿರುವು ಹನುಮಕ್ಕನದು, ಸಾಂಬಾರು ಬಡಿಸುವಾಗ ತಪ್ಪಾಗಿ ಹಾಡಿದ್ದು.

ಹನ್ನೊಂದು ಗಂಟೆಗೆ ಅವಳು ಸೌಟು ಹಿಡಿದುಕೊಂಡೇ ಗಿರಣಿ ಕಟ್ಟೆಗೆ ಬಂದಳು. ಕಟ್ಟೆಯ ಮೇಲಿದ್ದವರು ಆಗಲೇ ಅದನ್ನು ಜೋರಾಗಿ ಓದಿಕೊಂಡು ನಗುತ್ತಿದ್ದರು.

"ತಪ್ಪಾಗಿ ಅಂತ ಯಾಕ್ಲಾ ಬರ್ದೆ? ಊರಿಗೆಲ್ಲ ನನ್ ಮಾನ ಕಳೀತೀಯ? ಅಳಿಸ್ಲಾ ಅದನ್ನ!"

"ಅಳ್ಸಂಗಿಲ್ಲ ಅಕ್ಕ" ಅಂದೆ. "ಬೇಕಾದ್ರೆ ಕೆಳಗೆ ನೀನೇ ಬರಿ." ಇದ್ದಿಲು ಕೊಟ್ಟೆ.

ಅವಳು ಸೌಟನ್ನು ನನ್ನ ಕೈಗೆ ತುರುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಬಗ್ಗೆ ಬರೆಯಲು ಶುರು ಮಾಡಿದಳು. ಅರ್ಧ ಗೋಡೆ ತುಂಬಿದರೂ ನಿಲ್ಲಿಸಲಿಲ್ಲ.